ಪಹಣಿಯಲ್ಲಿಲ್ಲದ ಗಂಡ

ರಾಯಚೂರು ಸೀಮೆಯ ಗಂಡಸು ಬಾಳಿನಲ್ಲಿ ಎರಡು ಸಲ ತನ್ನ ಆಸ್ತಿಯ ಲೆಕ್ಕ ಒಪ್ಪಿಸುತ್ತಾನೆ. ಮೊದಲ ಸಲ ಕನ್ಯಾ ನೋಡಲು ಹೋದಾಗ, ಮಾವನಾಗುವವನ ಪಡಸಾಲೆಯಲ್ಲಿ, ಒಗ್ಗರಣಿ ಮಿರ್ಚಿಯ ಪ್ಲೇಟಿನ ಮುಂದೆ. ಎರಡನೇ ಸಲ ಕೌಟುಂಬಿಕ ನ್ಯಾಯಾಲಯದಲ್ಲಿ, ನೋಟರಿಯ ಮೊಹರಿನ ಮುಂದೆ. ಎರಡೂ ಲೆಕ್ಕ ಒಬ್ಬನವೇ ಎಂದು ನಂಬಬೇಕಾದರೆ ಆಧಾರ್ ಕಾರ್ಡ್ ನೋಡಬೇಕಾಗುತ್ತದೆ.

ಮೊದಲನೆಯದನ್ನು ವರ ಹೇಳುವುದಿಲ್ಲ. ವರ ತಲೆ ತಗ್ಗಿಸಿ ಕೂತಿರುತ್ತಾನೆ, ಸೋದರಮಾವ ಬಾಯಿ ತೆರೆಯುತ್ತಾನೆ. ಮಾನ್ವಿ ಕಡೆಯ ಸೋದರಮಾವ ಅಂತಿಟ್ಟುಕೊಳ್ಳಿ: “ಇಪ್ಪತ್ತು ಎಕರೆ ಐತ್ರಿ, ಎಲ್ಲಾ ನೀರಾವರಿ. ಕಾಲುವಿ ನೀರು ಹೊಲದಾಗ ಹರೀತೈತಿ. ವರ್ಷಕ್ಕ ಎರಡು ಬೆಳಿ ನೆಲ್ಲು. ಟ್ರ್ಯಾಕ್ಟರ್ ಎರಡು. ರೈಸ್ ಮಿಲ್ಲಿನ್ಯಾಗ ಪಾಲು ಐತಿ, ರಾಯಚೂರಾಗ ಪ್ಲಾಟ್ ಐತಿ. ಹುಡುಗ ಮನಿಗೆ ಒಬ್ನ.” ಹುಡುಗ ಒಬ್ಬನೇ ಆದ್ದರಿಂದ ಅವನ ಇಬ್ಬರು ತಮ್ಮಂದಿರು ಕಾರಿನಿಂದ ಇಳಿಯುವುದಿಲ್ಲ.

ನಾಲ್ಕೈದು ವರ್ಷ ಕಳೆಯಿತು. ಕೂಡಿ ಬಾಳುವುದು ಆಗಲಿಲ್ಲ. ಹುಡುಗಿ ತವರಿಗೆ ಬಂದಳು, ಜೀವನಾಂಶದ ಅರ್ಜಿ ಬಿತ್ತು. ಅದೇ ಸೋದರಮಾವ ಈಗ ಕೋರ್ಟಿನ ಕಟಕಟೆಯಲ್ಲಿ: “ಅವನ ಹೆಸರ್ಲೆ ಏನೂ ಇಲ್ರಿ ಸಾಹೇಬ್ರ. ಎಲ್ಲಾ ಅವರಪ್ಪನ ಹೆಸರ್ಲೆ ಐತಿ, ವಾಟ್ನಿ ಆಗಿಲ್ಲ. ಮೂರು ಮಂದಿ ಅಣ್ಣತಮ್ಮರು. ಇದ್ದ ಹೊಲಾನೂ ಟೇಲ್ ಎಂಡ್, ನೀರು ಬರಂಗಿಲ್ಲ. ಹುಡುಗ ಕೂಲಿಗೆ ಹೋಗ್ತಾನ್ರಿ.”

ಈ ಟೇಲ್ ಎಂಡ್ ಎಂಬುದು ನಮ್ಮ ಜಿಲ್ಲೆಯ ಗಂಡಂದಿರಿಗೆ ತುಂಗಭದ್ರೆ ಕೊಟ್ಟ ವರ. ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹುಟ್ಟಿ, ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ಹೊಟ್ಟೆ ತುಂಬಿಸಿಕೊಂಡು, ಮಾನ್ವಿ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಕೆಳಭಾಗಕ್ಕೆ ನೀರು ಕೊಡಿ ಎಂದು ರೈತರು ರಸ್ತೆಗಿಳಿಯುವುದು ಇಲ್ಲಿ ಹಬ್ಬದಷ್ಟೇ ಖಾಯಂ. ಹಾಗಾಗಿ ಯಾವ ನ್ಯಾಯಾಧೀಶರೂ ಸೋದರಮಾವನ ಮಾತನ್ನು ಪೂರಾ ಸುಳ್ಳು ಅನ್ನುವಂತಿಲ್ಲ. ಸುಳ್ಳಿಗೆ ಇಷ್ಟು ಒಳ್ಳೆಯ ಭೂಗೋಳ ಬೇರೆ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ಅದೇ ಹೊಲ, ಅದೇ ಸರ್ವೆ ನಂಬರು. ಬೀಗರ ಮುಂದೆ ತರಿ, ಜಡ್ಜ್ ಮುಂದೆ ಖುಷ್ಕಿ.

ಸುಪ್ರೀಂ ಕೋರ್ಟಿಗೆ ಈ ವಿದ್ಯೆ ಗೊತ್ತಿಲ್ಲದ್ದೇನಲ್ಲ. 2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ತೀರ್ಪು ಕೊಟ್ಟು, ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಸಲ್ಲಿಸಲೇಬೇಕು ಎಂದಿತು. ಕೃಷಿಕರಿಗೆಂದೇ ಬೇರೊಂದು ನಮೂನೆ ಮಾಡಿತು. ಹೊಲ ಎಷ್ಟು, ನಿನ್ನ ಪಾಲೆಷ್ಟು, ನೀರಾವರಿಯೋ ಒಣಬೇಸಾಯವೋ, ಯಾವ ಬೆಳೆ, ಎಮ್ಮೆ ಆಕಳು ಮೇಕೆ ಕೋಳಿ ಎಷ್ಟು ಎಂದು ಅದರಲ್ಲಿ ಕೇಳಿದೆ. ದೆಹಲಿಯಲ್ಲಿ ಕೂತವರಿಗೆ ಮಾನ್ವಿಯ ಗಂಡನ ಪರಿಚಯ ಮೊದಲೇ ಇತ್ತೇನೋ ಅನ್ನಿಸುತ್ತದೆ. ಆದರೆ ಮಾನ್ವಿಯ ಗಂಡನಿಗೆ ಅದಕ್ಕಿಂತ ಹೆಚ್ಚು ಗೊತ್ತಿದೆ. ಹೊಲ ಅಪ್ಪನದು. ಎಮ್ಮೆ ಅವ್ವನದು. ಟ್ರ್ಯಾಕ್ಟರ್ ಬ್ಯಾಂಕಿನದು. ಬುಲೆಟ್ ಗಾಡಿ ಗೆಳೆಯನದು, ಓಡಿಸಲು ಕೊಟ್ಟಿದ್ದಾನೆ. ಅವನದೇ ಅನ್ನುವಂಥದ್ದು ಹೆಂಡತಿ ಒಬ್ಬಳೇ ಉಳಿದಿದ್ದಳು, ಅವಳನ್ನೂ ಬಿಟ್ಟುಕೊಡಲು ಅರ್ಜಿ ಹಾಕಿದ್ದಾನೆ. ಇದಕ್ಕಿಂತ ದೊಡ್ಡ ವೈರಾಗ್ಯ ಏನಿದೆ?

ಈ ಅಪರಿಗ್ರಹ ವ್ರತಕ್ಕೆ ತಯಾರಿ ಬೇಕು. ಮನೆಯಲ್ಲಿ ಜಗಳ ಶುರುವಾದ ವಾರದಲ್ಲೇ ತಮ್ಮನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ, ಪ್ಲಾಟು ದಾನಪತ್ರವಾಗಿ ಅವನ ಹೆಸರಿಗೆ ಹೋಗುತ್ತದೆ. ಒಡಹುಟ್ಟಿದವರ ನಡುವಿನ ಇಂಥ ಪ್ರೀತಿಗೆ ಮುದ್ರಾಂಕ ಶುಲ್ಕವೂ ಹೆಚ್ಚಿಲ್ಲ. ಆಸ್ತಿ ಹಸ್ತಾಂತರ ಕಾಯ್ದೆಯ 39ನೇ ಕಲಂ ಮಾತ್ರ ಇದಕ್ಕೆ ಅಡ್ಡ ನಿಲ್ಲುತ್ತದೆ. ಜೀವನಾಂಶ ತಪ್ಪಿಸಲು ಪುಕ್ಕಟೆ ದಾಟಿಸಿದ ಆಸ್ತಿಯನ್ನು ಬೆನ್ನಟ್ಟುವ ಹಕ್ಕು ಹೆಂಡತಿಗಿದೆ ಎನ್ನುತ್ತದೆ ಅದು. ಕಾಯ್ದೆ 1882ರದು. ಬ್ರಿಟಿಷರಿಗೂ ಈ ತಮ್ಮನ ಮೇಲಿನ ಪ್ರೀತಿ ಗೊತ್ತಿತ್ತು ಅಂತಾಯಿತು. ಬೆನ್ನಟ್ಟುವುದಕ್ಕೆ ವಕೀಲರ ಫೀಜು, ಎನ್‌ಕಂಬರೆನ್ಸ್ ಸರ್ಟಿಫಿಕೇಟ್, ವರ್ಷಗಳು ಬೇಕು ಎಂಬುದು ಬೇರೆ ಮಾತು.

ತಪ್ಪಿಸಿಕೊಳ್ಳಲಾಗದವನು ಒಬ್ಬನೇ. ಶಕ್ತಿನಗರದ ಥರ್ಮಲ್ಲಿನಲ್ಲೋ, ಸರ್ಕಾರಿ ಶಾಲೆಯಲ್ಲೋ ಇರುವ ಪಗಾರದ ಗಂಡ. ಅವನ ಬಡತನಕ್ಕೆ ಪೇ ಸ್ಲಿಪ್ಪು ಶತ್ರು. ನಿವ್ವಳ ಸಂಬಳದ ಶೇ 25ರಷ್ಟು ಜೀವನಾಂಶ ನ್ಯಾಯಸಮ್ಮತ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿದ ಮೇಲೆ ಅವನ ಕಥೆ ಮುಗಿಯಿತು. ನಮ್ಮ ಕಡೆಯ ತಾಯಂದಿರು ಎಕರೆಗಟ್ಟಲೆ ಹೊಲದವನನ್ನು ಬಿಟ್ಟು ನೌಕರಿಯವನೇ ಬೇಕೆಂದು ಹಟ ಹಿಡಿದರೆ ಜನ ನಗುತ್ತಾರೆ. ಆ ತಾಯಂದಿರು ನೋಡುವುದು ಸಂಬಳವನ್ನಲ್ಲ, ಬಚ್ಚಿಡಲು ಬಾರದ ಸಂಬಳವನ್ನು.

ಧರ್ಮ ಬದಲಾದರೆ ಬಡತನವೇನೂ ಬದಲಾಗುವುದಿಲ್ಲ. ನಿಕಾಹ್‌ನಾಮಾದಲ್ಲಿ ನೂರು ಜನರ ಮುಂದೆ ಬರೆಸಿದ ಮೆಹರ್ ಕೊನೆಯತನಕ ಬಾಕಿಯ ಕಾಲಮ್ಮಿನಲ್ಲೇ ಉಳಿಯುವುದುಂಟು. ಶಾಬಾನು ತೀರ್ಪು 1985ರದು, ಅದನ್ನು ಮಣಿಸಲು ತಂದ ಕಾಯ್ದೆ 1986ರದು, ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಎಲ್ಲರಂತೆ ಜೀವನಾಂಶ ಕೇಳಬಹುದು ಎಂದು ಕೋರ್ಟು ಮತ್ತೆ ಖಚಿತಪಡಿಸಿದ್ದು 2024ರ ಜುಲೈಯಲ್ಲಿ. ಕಾನೂನು ಸುತ್ತಿ ಬರಲು 39 ವರ್ಷ ಹಿಡಿಯಿತು. ಗಂಡ ಅಷ್ಟರಲ್ಲಿ ಆಟೋವನ್ನು ಅಣ್ಣನ ಹೆಸರಿಗೆ ಮಾಡಿಸಿದ್ದ.

ಇಷ್ಟೆಲ್ಲ ತಾಪತ್ರಯ ಯಾಕೆಂದರೆ ಒಂದು ಭಯಕ್ಕೆ. ರಾಯಚೂರಿನ ತೀನ್ ಕಂದಿಲ್ ಹತ್ತಿರದ ಯಾವ ಚಹಾದಂಗಡಿಯಲ್ಲಿ ಬೇಕಾದರೂ ನಿಂತು ಕೇಳಿ: “ಈಗಿನ ಕಾನೂನು ಭಾಳ ಕೆಟ್ಟದ ನೋಡ್ರಿ. ಡೈವರ್ಸ್ ಆದ್ರ ಅರ್ಧ ಆಸ್ತಿ ಹೆಣ್ತಿಗೆ ಬರದು ಕೊಡಬೇಕು.” ಈ ಅರ್ಧ ಆಸ್ತಿ ಅಮೆರಿಕದ ಸಿನಿಮಾದಿಂದ ಇಳಿದು ಬಂದದ್ದು. ಗಂಡ ಹೆಂಡಿರ ಗಳಿಕೆ ಇಬ್ಬರಿಗೂ ಸಮ ಎನ್ನುವ ವ್ಯವಸ್ಥೆ ಭಾರತದಲ್ಲಿರುವುದು ಮುಖ್ಯವಾಗಿ ಗೋವಾದಲ್ಲಿ, ಅದೂ ಪೋರ್ಚುಗೀಸರು ಬಿಟ್ಟುಹೋದ ಸಿವಿಲ್ ಸಂಹಿತೆಯಿಂದ. ರಾಯಚೂರನ್ನು ಆಳಿದ ನಿಜಾಮನು ಅಂಥದ್ದೇನನ್ನೂ ಮರೆತು ಬಿಟ್ಟುಹೋಗಲಿಲ್ಲ.

ಹಾಗಾದರೆ ನಮ್ಮ 1955ರ ಹಿಂದೂ ವಿವಾಹ ಕಾಯ್ದೆ ಏನನ್ನು ಹಂಚುತ್ತದೆ? 27ನೇ ಕಲಂ ಓದಿ. ಮದುವೆಯ ಸಂದರ್ಭದಲ್ಲಿ ಉಡುಗೊರೆಯಾಗಿ ಬಂದ, ಇಬ್ಬರಿಗೂ ಜಂಟಿಯಾಗಿ ಸೇರಿದ ಸಾಮಾನನ್ನು ಕೋರ್ಟು ವಿಲೇವಾರಿ ಮಾಡಬಹುದು. ಅಂದರೆ ಬೀಗರು ಆಯೇರಿ ಮಾಡಿದ ಮಿಕ್ಸಿ, ಗೋಡೆ ಗಡಿಯಾರ, ಒಂದೇ ನಮೂನೆಯ ಏಳು ಕುಕ್ಕರು. ಇವುಗಳ ಮೇಲೆ ಸಂಸತ್ತಿಗೆ ಸ್ಪಷ್ಟ ನಿಲುವಿದೆ. ಮದುವೆಯಾದ ಮೇಲೆ ಇಬ್ಬರೂ ಸೇರಿ ಕಟ್ಟಿದ ಆರ್‌ಸಿಸಿ ಮನೆಯ ವಿಷಯದಲ್ಲಿ ಇಲ್ಲ. ಆಕೆ ಮೈಮುರಿದು ಹತ್ತಿ ಬಿಡಿಸಿದಳೇ, ನೆಲ್ಲು ನಾಟಿ ಮಾಡಿದಳೇ, ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕಿದಳೇ? ಹಾಕಿರಬಹುದು. ಪಹಣಿಯಲ್ಲಿ ಬೆಳೆಯ ಹೆಸರು ಬರುತ್ತದೆ, ಬೆಳೆದವಳ ಹೆಸರು ಬರುವುದು ಅಪರೂಪ.

ಇದನ್ನು ತಿದ್ದಲು ಒಮ್ಮೆ ಕೈಹಾಕಿದ್ದರು. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಅಧಿಕಾರವನ್ನು ಕೋರ್ಟಿಗೆ ಕೊಡುವ ಮಸೂದೆ 2013ರ ಆಗಸ್ಟ್‌ನಲ್ಲಿ ರಾಜ್ಯಸಭೆಯನ್ನು ದಾಟಿತು. ಲೋಕಸಭೆಯ ಹೊಸ್ತಿಲಲ್ಲಿ ಕೂತಿತು, ಕೂತೇ ಇತ್ತು, 2014ರಲ್ಲಿ ಆ ಸಭೆಯ ಅವಧಿಯೊಂದಿಗೆ ಸತ್ತಿತು. ಯಾವ ಪಕ್ಷವೂ ಸೂತಕ ಹಿಡಿಯಲಿಲ್ಲ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ಮಾತ್ರ, ಮನೆ ನೋಡಿಕೊಂಡ ಹೆಂಡತಿಯ ದುಡಿಮೆಯೂ ಗಂಡ ಕೊಂಡ ಆಸ್ತಿಗೆ ಸಲ್ಲಿಸಿದ ಪಾಲೇ ಎಂದಿತು. ನಮ್ಮ ಕಡೆಯ ರೈಲುಗಳೇ ಮದ್ರಾಸಿಗೆ ಹೋಗುತ್ತವೆ, ಆದರೆ ಈ ಮಾತು ಇನ್ನೂ ವಾಪಸು ಗಾಡಿ ಹತ್ತಿಲ್ಲ.

ಇನ್ನು ಬಂಗಾರ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದಲ್ಲಿ ಚಿನ್ನ ತೆಗೆಯುವ ದೊಡ್ಡ ಗಣಿ ಎಂದರೆ ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯದೇ. ಸಾವಿರಾರು ಅಡಿ ಇಳಿದು, ಟನ್ನುಗಟ್ಟಲೆ ಕಲ್ಲು ಪುಡಿ ಮಾಡಿದರೆ ಕೈಗೆ ಬರುವುದು ಕೆಲವು ಗ್ರಾಂ. ಅತ್ತೆಯ ತಿಜೂರಿಯಿಂದ ಸೊಸೆಯ ಐದು ತೊಲಿ ತೆಗೆಯುವುದಕ್ಕೆ ಹೋಲಿಸಿದರೆ ಹಟ್ಟಿಯವರದು ಹಗುರದ ಕೆಲಸ. ಹೆಣ್ಣಿಗೆ ಕೊಟ್ಟ ಸ್ತ್ರೀಧನ ಪೂರ್ತಿ ಅವಳದೇ, ಗಂಡ ಬರೀ ಕಾವಲುಗಾರ ಎಂದು ಸುಪ್ರೀಂ ಕೋರ್ಟ್ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದ್ದು 1985ರಲ್ಲಿ. ಕಾವಲುಗಾರ ಅದನ್ನು ಒತ್ತೆ ಇಟ್ಟು ಬೋರು ಹಾಕಿಸಿ, ಉಳಿದದ್ದರಲ್ಲಿ ತಂಗಿಯ ಮದುವೆ ಮಾಡಿರುತ್ತಾನೆ. ಕೇಳಿದರೆ? “ಎಲ್ಲೀ ಬಂಗಾರ್ರಿ? ಅದು ಒನ್ ಗ್ರಾಂ ಗೋಲ್ಡ್ ಇತ್ತು.” ಮದುವೆಯ ಆಲ್ಬಮ್ ಸಾಕ್ಷಿಯಾಗಿ ಕೋರ್ಟಿಗೆ ಬರುತ್ತದೆ. ಫೋಟೋದಲ್ಲಿ ಮದುಮಗಳ ಕೊರಳು ಹೊಳೆಯುತ್ತದೆ, ಆದರೆ ಫೋಟೋ ತೂಕ ಹೇಳುವುದಿಲ್ಲ.

ರೊಕ್ಕದ ಕಥೆ ಇನ್ನೂ ಸೊಗಸು. ಪಡೆದ ವರದಕ್ಷಿಣೆ ಹೆಣ್ಣಿಗೇ ಸೇರಬೇಕು ಎಂದು 1961ರ ಕಾಯ್ದೆಯೇ ಹೇಳುತ್ತದೆ, ಕೊಡುವುದೂ ಅಪರಾಧ ಎಂದೂ ಅದೇ ಕಾಯ್ದೆ ಹೇಳುತ್ತದೆ. ಹುಡುಗಿಯ ಅಪ್ಪನಿಗೆ ನುಂಗಲೂ ಆಗದು, ಉಗುಳಲೂ ಆಗದು. ಮದುವೆಯ ದಿನ ಮೈಕಿನಲ್ಲಿ ಕೂಗಿಸಿದ ಮೊತ್ತವನ್ನು ಕಟಕಟೆಯಲ್ಲಿ “ಪ್ರೀತಿಗೆ ಏನೋ ಸ್ವಲ್ಪ ಕೊಟ್ಟೀವ್ರಿ” ಎಂದು ಪಿಸುಗುಡುತ್ತಾನೆ. ಗಂಡಿನ ಕಡೆಯವರಿಗೆ ಆ ಪ್ರೀತಿಯ ನೆನಪೇ ಇಲ್ಲ.

ಈ ಎಡೆದೊರೆ ನಾಡಿಗೆ ಇದೆಲ್ಲ ಹಳೆಯ ರೂಢಿ. ಇತಿಹಾಸಕಾರ ಫೆರಿಷ್ತಾ ಬರೆದದ್ದನ್ನು ನಂಬುವುದಾದರೆ, 1406ರ ಸುಮಾರಿಗೆ ನಮ್ಮ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳ ನೆಪದಲ್ಲಿ ವಿಜಯನಗರಕ್ಕೂ ಬಹಮನಿಗೂ ಯುದ್ಧವೇ ಆಯಿತು. ಸೋತ ದೇವರಾಯ ತನ್ನ ಮಗಳನ್ನು ಫಿರೋಜ್ ಶಹನಿಗೆ ಕೊಟ್ಟು, ಜೊತೆಗೆ ಮುತ್ತು, ಆನೆ, ಬಂಕಾಪುರದ ಕೋಟೆ ಬಳುವಳಿ ಕೊಟ್ಟ. ಇಷ್ಟು ತಗೊಂಡ ಅಳಿಯ ಸಿಟ್ಟಾಗಿ ಹೊರಟ. ಯಾಕೆ? ಮಾವ ತನ್ನನ್ನು ಬಿಡಾರದ ತನಕ ಕಳಿಸಲು ಬರದೆ ನಡುದಾರಿಯಿಂದ ತಿರುಗಿದನಂತೆ! ಮುಂದೆ ಪಾನಗಲ್ಲಿನಲ್ಲಿ ಮತ್ತೆ ಯುದ್ಧ. ಮಾವ ಬಸ್‌ಸ್ಟ್ಯಾಂಡಿನ ತನಕ ಬರಲಿಲ್ಲ ಎಂದು ಮುನಿಸಿಕೊಂಡ ಅಳಿಯಂದಿರು ದೇವದುರ್ಗದಲ್ಲಿ ಇವತ್ತೂ ಸಿಗುತ್ತಾರೆ. ಕೋಟೆ ಕೊಡುವ ಮಾವಂದಿರು ಸಿಗುವುದಿಲ್ಲ, ಅಷ್ಟೇ.

ಹೆಂಗಸಿನ ಹೆಸರಿನಲ್ಲಿ ಏನೂ ಇಲ್ಲ ಎಂದು ಮಾತ್ರ ಯಾರೂ ಹೇಳಕೂಡದು. ಸರ್ಕಾರದ ಪಡಿತರ ಚೀಟಿಯಲ್ಲಿ ಆಕೆಯೇ ಮನೆಯ ಯಜಮಾನಿ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಆಕೆಯ ಖಾತೆಗೇ ಬರುತ್ತದೆ, ಬಂದಾಗ. ಯಾವ ಗೃಹ ಎಂದು ಕೇಳಬೇಡಿ. ಅದಕ್ಕಿಂತ ಮುಖ್ಯವಾದದ್ದೂ ಒಂದು ಆಕೆಯ ಹೆಸರಿನಲ್ಲಿದೆ: ಸಾಲ. ಮೈಕ್ರೋಫೈನಾನ್ಸಿನವರು ಗಂಡಸರನ್ನು ನಂಬುವುದಿಲ್ಲ, ಈ ಒಂದು ವಿಷಯದಲ್ಲಿ ಅವರು ನನಗಿಂತ ಬುದ್ಧಿವಂತರು. ಸಂಘ ಕಟ್ಟಿ, ಹೆಂಗಸರ ಹೆಬ್ಬೆಟ್ಟು ತಗೊಂಡು, ಹೆಂಗಸರಿಗೇ ಸಾಲ ಕೊಡುತ್ತಾರೆ. ಆ ರೊಕ್ಕ ಗಂಡನ ಬೈಕಾಗುತ್ತದೆ, ಮಾವನ ಆಪರೇಷನ್ ಆಗುತ್ತದೆ, ಮೈದುನನ ಕ್ರಿಕೆಟ್ ಬೆಟ್ಟಿಂಗೂ ಆಗಬಹುದು. ವಸೂಲಿಗಾರರ ಕಾಟ ಮಿತಿಮೀರಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಗಂಡನ ಮನೆ ಬಿಟ್ಟವಳು ಸೀರೆ ಗಂಟಿನೊಂದಿಗೆ ಈ ಕಂತನ್ನೂ ತವರಿಗೆ ಹೊತ್ತು ತರುತ್ತಾಳೆ. ಆಸ್ತಿಗೆ ವಾಟ್ನಿ ಆಗಿರುವುದಿಲ್ಲ, ಸಾಲಕ್ಕೆ ಆಗಿರುತ್ತದೆ, ಪೂರಾ ಒಬ್ಬಳ ಪಾಲಿಗೆ.

ಆದರೂ ಜನ ಹೆದರುವುದು ಹೆಂಗಸಿಗೇ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹೈಕೋರ್ಟಿನಲ್ಲಿ ಒಬ್ಬಾಕೆ ತಿಂಗಳಿಗೆ 6,16,300 ರೂಪಾಯಿ ಜೀವನಾಂಶ ಕೇಳಿದ್ದು, ಇಷ್ಟು ಖರ್ಚು ಮಾಡುವುದಿದ್ದರೆ ತಾನೇ ದುಡಿಯಲಿ ಎಂದು ನ್ಯಾಯಮೂರ್ತಿ ಗದರಿದ್ದು ಮೊಬೈಲಿನಿಂದ ಮೊಬೈಲಿಗೆ ಹಾರಿತು. ನಮ್ಮ ಗಂಜಿನಲ್ಲಿ ಹತ್ತಿ ಅಂಡಿಗೆ ಹೊರುವವನೂ ಆ ವಿಡಿಯೊ ನೋಡಿ ತನ್ನ ಆರು ಲಕ್ಷ ಹೋಯಿತೇನೋ ಎಂಬಂತೆ ಎದೆ ಮುಟ್ಟಿಕೊಂಡ. ಅವನ ಹೆಂಡತಿಗೆ ಕೋರ್ಟು ಕೊಡಿಸಿದ್ದು ಮೂರು ಸಾವಿರ. ಅದೂ ಹದಿನಾಲ್ಕು ತಿಂಗಳಿಂದ ಬಾಕಿ. ಅದರ ವಿಡಿಯೊ ಯಾರೂ ಮಾಡಿಲ್ಲ.

ದೇವದುರ್ಗದ ಕಡೆ ಬನ್ನಿ. ಮಳೆ ಕೈಕೊಟ್ಟರೆ ಇಲ್ಲಿಯ ತಾಂಡಾ, ಹಳ್ಳಿಗಳು ಬೀಗ ಹಾಕಿಕೊಂಡು ಬೆಂಗಳೂರು, ಪುಣೆಗೆ ಗುಳೇ ಹೋಗುತ್ತವೆ. ಗಂಡ ಹೆಂಡಿರ ಜಗಳ ಯಲಹಂಕದ ಶೆಡ್ಡಿನಲ್ಲಿ ಆಗುತ್ತದೆ, ಅರ್ಜಿ ಇಲ್ಲಿ ಬೀಳುತ್ತದೆ. ಜೀವನಾಂಶದ ಮಧ್ಯಂತರ ಅರ್ಜಿಯನ್ನು, ಸಾಧ್ಯವಾದಷ್ಟೂ, ನೋಟಿಸು ತಲುಪಿದ 60 ದಿನದೊಳಗೆ ತೀರ್ಮಾನಿಸಬೇಕು ಎಂಬ ಮಾತು ಹಳೆಯ ಸಿಆರ್‌ಪಿಸಿಯ 125ರಲ್ಲೂ ಇತ್ತು, 2024ರ ಜುಲೈನಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144ರಲ್ಲೂ ಇದೆ. ಹೊಸ ಸಂಹಿತೆಗೆ ನಂಬರು ಹೊಸದು, ಬೀಗ ಹಳೆಯದೇ. “ಗುಳೇ ಹೋಗಿರುತ್ತಾರೆ, ಮನೆ ಬೀಗ ಹಾಕಿದೆ” ಎಂಬ ಷರಾ ಹೊತ್ತು ನೋಟಿಸು ವಾಪಸು ಬರುತ್ತದೆ. ತಲುಪದ ನೋಟಿಸಿಗೆ 60 ದಿನ ಶುರುವಾಗುವುದೇ ಇಲ್ಲ. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಹೂಡಿ ಸಾವಿರ ದಿನ ದಾಟಿಸಿದ ಜಿಲ್ಲೆ ಇದು. ಕಾಯುವ ಕಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅಷ್ಟು ಕಾಯಲಾಗದವರು ಊರ ದೈವ, ಅಂದರೆ ಹಿರಿಯರ ಪಂಚಾಯ್ತಿ, ಸೇರಿಸುತ್ತಾರೆ. ನೂರು ರೂಪಾಯಿಯ ಬಾಂಡ್ ಪೇಪರು, ಐದು ಮಂದಿ ಹಿರಿಯರು, ಗಂಡ ಹೆಂಡಿರನ್ನು ಬಿಡಿಸುವ ಒಂದು ಸೋಡಚೀಟಿ. ಕೋರ್ಟು ಐದು ವರ್ಷದಲ್ಲಿ ಮಾಡದ್ದನ್ನು ದೈವದವರು ಮಧ್ಯಾಹ್ನದ ಊಟದೊಳಗೆ ಮುಗಿಸುತ್ತಾರೆ. “ಆಕಿ ಬಾಂಡೆ ಸಾಮಾನು ಆಕಿಗೆ ಕೊಡ್ರಿ. ಗಂಡು ಹುಡುಗ ನಮ್ಮ ಕಡೀಗಿರ್ಲಿ, ಹೆಣ್ಣು ಹುಡುಗಿ ತಾಯಿ ಹಿಂದ ಹೋಗ್ಲಿ. ಇಬ್ಬರೂ ಕೇಸು ಮಾಡಬಾರದು. ಏನಮ್ಮ, ಒಪ್ಪಿಗಿ ಅದ ಇಲ್ಲ?” ಆಕೆಗೆ ಒಪ್ಪಿಗೆ ಇದೆಯೋ ಎಂದು ಕೇಳುವಾಗ ಆಕೆಯ ಅಪ್ಪ ಹ್ಞೂಂ ಅನ್ನುತ್ತಾನೆ. ರೂಢಿಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಮಾನ್ಯತೆ ಕೊಟ್ಟಿರುವುದು ನಿಜ. ಆದರೆ ಆ ರೂಢಿ ತಮ್ಮ ಜಾತಿಯಲ್ಲಿ ಇತ್ತೆಂದು ಸಾಬೀತು ಮಾಡಬೇಕು. ಆಗದಿದ್ದರೆ ಆ ಚೀಟಿಗೆ ಬಾಂಡ್ ಪೇಪರಿನ ನೂರು ರೂಪಾಯಿಯ ಬೆಲೆಯೂ ಇಲ್ಲ. ಗಂಡ ಅಷ್ಟರಲ್ಲಿ ಎರಡನೆಯವಳಿಗೆ ತಾಳಿ ಕಟ್ಟಿರುತ್ತಾನೆ. ಕಾನೂನಿನಲ್ಲಿ ಬಿಟ್ಟವಳು ಹೆಂಡತಿ, ಕಟ್ಟಿಕೊಂಡವಳು ಹೆಂಡತಿಯಲ್ಲ. ಇಬ್ಬರ ಹೆಸರಿನಲ್ಲೂ ಒಂದು ಗುಂಟೆ ಇಲ್ಲ. ಹಾಗೆ ನೋಡಿದರೆ ಅವನು ಇಬ್ಬರನ್ನೂ ಸಮಾನವಾಗಿ ಕಂಡಿದ್ದಾನೆ.

ಲೋಕ ಅದಾಲತ್ ಬಂತೆಂದರೆ ಮಾತ್ರ ಎಲ್ಲೆಲ್ಲೂ ಸಂತೋಷ. ಮರುದಿನದ ಪೇಪರಿನಲ್ಲಿ ಫೋಟೋ: ಕೋರ್ಟ್ ಹಾಲಿನಲ್ಲಿ ಗಂಡ ಹೆಂಡತಿ ಮತ್ತೊಮ್ಮೆ ಹಾರ ಹಾಕಿಕೊಳ್ಳುತ್ತಿದ್ದಾರೆ, ಸುತ್ತ ಕರಿಕೋಟುಗಳ ಚಪ್ಪಾಳೆ, ‘ಮತ್ತೆ ಒಂದಾದ ಜೋಡಿಗಳು’ ಎಂಬ ತಲೆಬರಹ. ಕೂಡಿ ಬಾಳಿದರೆ ಯಾರಿಗೆ ಬೇಡ? ಕೆಲವರು ನಿಜಕ್ಕೂ ಬಾಳುತ್ತಾರೆ. ಆದರೆ ಆ ಫೋಟೋದಲ್ಲಿ ಹಾರ ಹಿಡಿದ ಹೆಣ್ಣುಮಗಳ ಮುಖ ನೋಡಿ. ಬಾಡಿಗೆ ಮನೆ ಹಿಡಿಯಲು ದುಡ್ಡಿಲ್ಲ, ತವರಿನಲ್ಲಿ ಅತ್ತಿಗೆಯ ಮಾತು, ಮೂರು ಸಾವಿರ ಬರುವ ಖಾತ್ರಿ ಇಲ್ಲ. ಒಂದಾಗದೆ ಏನು ಮಾಡಬೇಕಿತ್ತು? ಆಸ್ತಿ ಹಂಚುವ ಕಾನೂನು ಇಲ್ಲದ ಕಡೆ ಹಾರ ಹಂಚುವುದು ಅಗ್ಗ.

ಇಷ್ಟರ ನಡುವೆ ಆಕೆಗೂ ಒಂದು ಹೊಲವಿದೆ. ತಮಾಷೆಯಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು. ದೇಶ 2005ರಲ್ಲಿ ಮಾಡಿತು. ಅಪ್ಪ ಬದುಕಿರಲಿ ಬಿಡಲಿ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತ ಮಾಡಿತು. ಕೇಸಿಗೆ ಓಡಾಡುವ ಅಣ್ಣನಿಗೂ ಇದು ಗೊತ್ತಿದೆ. ವಕೀಲರ ಕೋಣೆಯಲ್ಲಿ ಅವನ ಸಿಟ್ಟು ನೋಡಬೇಕು: “ಎಂಥಾ ಮೋಸಗಾರ್ರು ನೋಡ್ರಿ ಸಾಹೇಬ್ರ, ಇಪ್ಪತ್ತು ಎಕರೆ ಇಟ್ಕೊಂಡು ಏನೂ ಇಲ್ಲ ಅಂತಾರ! ಹೆಣ್ಣುಮಗಳ ಹಕ್ಕಿಗೆ ನಾನು ಸುಪ್ರೀಂ ಕೋರ್ಟಿನ ಮಟ ಹೋಗಾಂವ.” ವಕೀಲರು ಮುಂದಿನ ತಾರೀಖು ಬರೆದುಕೊಟ್ಟರು. ಹೊರಗೆ ಬಂದು ಮಾನ್ವಿ ಬಸ್ಸಿಗೆ ಕಾಯುವಾಗ, ತಂಗಿಗೆ ಟಿಕೆಟ್ ದುಡ್ಡು ಬೇಡದ ಆ ಸರ್ಕಾರಿ ಬಸ್ಸಿಗೆ ಕಾಯುವಾಗ, ಅಣ್ಣ ಕೈಚೀಲದಿಂದ ಒಂದು ಕಾಗದ ತೆಗೆದ.

“ತಂಗೆವ್ವಾ, ಹೆಂಗೂ ಇವತ್ತು ಕೂಲಿ ಬಿಟ್ಟು ಬಂದೀವಿ. ಮಾನ್ವಿಯಾಗ ಇಳದು ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ಒಂದು ಸಹಿ ಮಾಡಿ ಹೋಗೂಣು. ಏನಿಲ್ಲ, ಹಕ್ಕು ಬಿಡುಗಡೆದ್ದು. ನಾಳೆ ನೀ ಮತ್ತ ಗಂಡನ ಮನಿಗೆ ಹೋದ್ರ, ಅವರು ನಮ್ಮ ಹೊಲದ ಮ್ಯಾಲ ಕಣ್ಣು ಹಾಕಬಾರದಲ್ಲ?”